ಹಳೇ ಮಸಲ್ ಕಾರನ್ನು ರಸ್ತೆಗೆ ಟ್ಯೂನ್ ಮಾಡೋದು: ಕಾರ್ಬಾ, ಇಂಜೆಕ್ಷನ್ನಾ? ಯಾವ ಕ್ಯಾಮು, ಯಾವ ಗೇರು?

ಕನ್ನಡ ಕೂಟದ ಬೇಸಿಗೆ ಪಿಕ್ನಿಕ್ಕಿಗೆ ನನ್ನ 1969ರ ಶೆವೆಲ್ (ಶೆವ್ರೊಲೆ ಕಂಪನಿಯ ಮಸಲ್ ಕಾರು, ಅಂದರೆ ದೊಡ್ಡ ಇಂಜಿನ್ನಿನ ಹಳೇ ಅಮೆರಿಕನ್ ಕಾರು) ತಗೊಂಡು ಹೋಗೋದು ಒಂದು ಚಟ. ಹೋದ ವರ್ಷ ಅಲ್ಲಿ ಬಾನೆಟ್ ಪಕ್ಕ ನಿಂತು ಎಲ್ಲ ಕೇಳಿಸಿಕೊಂಡ ಹಾಸನದ ಹುಡುಗನೊಬ್ಬ ಈಗ ತಾನೂ ಒಂದು 1972ರ ನೋವಾ ತಗೊಂಡಿದ್ದಾನೆ, ಅದೂ ಶೆವ್ರೊಲೆನೇ. 350 ಕ್ಯೂಬಿಕ್ ಇಂಚಿನ ಇಂಜಿನ್, ಮೂರು ಗೇರಿನ ಆಟೋಮ್ಯಾಟಿಕ್, ಹಿಂದೆ 3.08 ಗೇರ್ (ಶಾಫ್ಟ್ 3.08 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು), ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ತಗೊಂಡ ವಾರಕ್ಕೇ ಫೋನ್ ಬಂತು.

"ಅಣ್ಣ, ಇದರಲ್ಲಿ ಎಷ್ಟು ಎಚ್‌ಪಿ ತೆಗೀಬಹುದು? ಕಾರ್ಬ್ ಕಿತ್ತು ಇಎಫ್‌ಐ ಹಾಕ್ಲಾ? ದೊಡ್ಡ ಕ್ಯಾಮ್ ಒಂದು ನೋಡಿಟ್ಟಿದ್ದೀನಿ, ಸೌಂಡ್ ಸಖತ್ತಾಗಿದೆ."

ಕಾರ್ಬ್ ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸುವ ಹಳೇ ಕಾರ್ಬ್ಯುರೇಟರ್, ಇಎಫ್‌ಐ ಅಂದರೆ ಅದೇ ಕೆಲಸವನ್ನು ಕಂಪ್ಯೂಟರ್ ಲೆಕ್ಕದಲ್ಲಿ ಮಾಡುವ ಇಂಜೆಕ್ಷನ್, ಕ್ಯಾಮ್ ಅಂದರೆ ಇಂಜಿನ್ ವಾಲ್ವ್‌ಗಳನ್ನು ತೆರೆದು ಮುಚ್ಚುವ ದಂಡ. ನಾನು ಉತ್ತರ ಹೇಳಲಿಲ್ಲ. ಶನಿವಾರ ಬಾ ಅಂದೆ. ಶೆವೆಲ್‌ನಲ್ಲಿ ಕೂರಿಸಿಕೊಂಡು ಇಲ್ಲೇ ಡೆಟ್ರಾಯ್ಟ್ ಹತ್ತಿರ ವುಡ್‌ವರ್ಡ್ ಅವೆನ್ಯೂ ಮೇಲೆ ಫರ್ನ್‌ಡೇಲ್‌ನಿಂದ ಬರ್ಮಿಂಗ್‌ಹ್ಯಾಮ್ ತನಕ ಹೋಗಿ, ವಾಪಸ್ ಬರುವಾಗ ಫ್ರೀವೇ ಹಿಡಿದೆವು. ಟ್ಯಾಕೋಮೀಟರ್ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು, ಅಂದರೆ ಆರ್‌ಪಿಎಂ, ತೋರಿಸುವ ಮೀಟರ್) ಮುಳ್ಳು ನೋಡುತ್ತಿರು ಅಂತ ಮಾತ್ರ ಅವನಿಗೆ ಹೇಳಿದ್ದೆ. ಸಿಗ್ನಲ್‌ನಲ್ಲಿ 750. ಹೊರಟಾಗ 2,500. ಫ್ರೀವೇಯಲ್ಲಿ 2,300ರ ಆಸುಪಾಸು. ರ‍್ಯಾಂಪ್ ಹತ್ತುವಾಗ ಒಂದೇ ಒಂದು ಸಲ, ನಾಲ್ಕೈದು ಸೆಕೆಂಡು, 5,000 ದಾಟಿತು. ಅಷ್ಟೇ. ಒಂದು ಗಂಟೆ ಓಡಿಸಿದ್ದಕ್ಕೆ ನಾಲ್ಕೈದು ಸೆಕೆಂಡು.

ಹಾಗಾಗಿ ಯಾವ ಪಾರ್ಟ್ ತಗೊಳ್ಳುವಾಗಲೂ ನಾನು ಒಂದೇ ಲೆಕ್ಕ ಹಾಕುತ್ತೇನೆ. ಇದು ಆ ಐದು ಸೆಕೆಂಡಿಗೆ ಬರುತ್ತದಾ, ಉಳಿದ ಒಂದು ಗಂಟೆಗೆ ಬರುತ್ತದಾ? ಕೆಳಗೆ ಬರೆದಿರುವುದೆಲ್ಲ ಆ ಲೆಕ್ಕದಲ್ಲೇ. ಡ್ರ್ಯಾಗ್ ಸ್ಟ್ರಿಪ್‌ಗೆ ಗಾಡಿ ಕಟ್ಟುತ್ತಿದ್ದರೆ ಇದು ನಿಮಗಲ್ಲ.

ಎಚ್‌ಪಿ ವಿಷಯ ಇಲ್ಲೇ ಮುಗಿಸಿಬಿಡೋಣ. 1972ಕ್ಕಿಂತ ಹಿಂದಿನ ಬ್ರೋಷರ್‌ಗಳಲ್ಲಿ ಇರೋದು ಗ್ರಾಸ್ ಲೆಕ್ಕ. ಇಂಜಿನ್ ಒಂದನ್ನೇ ಸ್ಟ್ಯಾಂಡಿಗೆ ಕಟ್ಟಿ, ಗಾಡಿಯ ಸೈಲೆನ್ಸರು, ಫ್ಯಾನು ಏನೂ ಇಲ್ಲದೆ ಅಳೆದದ್ದು. 1971ರಲ್ಲಿ ಜಿಎಂ ಎರಡೂ ಲೆಕ್ಕ ಕೊಟ್ಟಿತ್ತು. ಕಾರ್ವೆಟ್‌ನ ಎಲ್‌ಟಿ1 ಇಂಜಿನ್‌ಗೆ ಗ್ರಾಸ್ 330, ನೆಟ್ (ಗಾಡಿಯಲ್ಲಿರುವ ಹಾಗೇ ಎಲ್ಲ ಜೋಡಿಸಿ ಅಳೆದದ್ದು) 275. ಇಂಜಿನ್ ಅದೇ, ಕಾಗದ ಬೇರೆ. ಹಳೇ ಬ್ರೋಷರ್ ನಂಬರ್ ಹಿಡಿದುಕೊಂಡು ಇವತ್ತಿನ ಕಾರಿನ ಜೊತೆ ಜಗಳ ಆಡಬೇಡಿ.

ಏನನ್ನೂ ಕೊಳ್ಳುವ ಮೊದಲು

ಕಾರ್ಬ್ ಸರಿಯಿಲ್ಲ ಅಂತ ನನ್ನ ಗ್ಯಾರೇಜಿಗೆ ಬಂದ ಗೆಳೆಯರ ಗಾಡಿಗಳಲ್ಲಿ ಹೆಚ್ಚಿನವು ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹಾರುವ ಹೊತ್ತು, ಸರಿಯಿಲ್ಲದ ಗಾಡಿಗಳು. ಕಾರ್ಬ್ ಪಾಪ ಚೆನ್ನಾಗೇ ಇರುತ್ತಿತ್ತು.

ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಡಬ್ಬಿ) ಇರುವ ಇಂಜಿನ್‌ನಲ್ಲಿ ಟೈಮಿಂಗ್ ಅಂದರೆ ಮೂರು ಸೇರಿ ಒಂದು. ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಇಂಜಿನ್ ಸುಮ್ಮನೆ ಓಡುವಾಗ, ಇರುವ ಮೊದಲ ಡಿಗ್ರಿ (ಪಿಸ್ಟನ್ ಮೇಲಿನ ತುದಿ ಮುಟ್ಟುವ ಎಷ್ಟು ಡಿಗ್ರಿ ಮೊದಲು ಕಿಡಿ ಅನ್ನೋ ಲೆಕ್ಕ). ಆರ್‌ಪಿಎಂ ಏರಿದಂತೆ ಒಳಗಿನ ತೂಕಗಳು ಹೊರಗೆ ಸರಿದು ಸೇರಿಸುವ ಡಿಗ್ರಿ. ಪೆಡಲ್ ಹಗುರ ಇದ್ದಾಗ ವ್ಯಾಕ್ಯೂಮ್ (ಇಂಜಿನ್ ಗಾಳಿ ಎಳೆಯುವ ಸೆಳೆತ) ಡಬ್ಬಿ ಸೇರಿಸುವ ಡಿಗ್ರಿ. ಸ್ಟಾಕ್ ಪುಸ್ತಕದಲ್ಲಿ ಐಡಲ್‌ಗೆ 4ರಿಂದ 8 ಅಂತ ಇರುತ್ತದೆ. ಸ್ವಲ್ಪ ಕ್ಯಾಮ್ ಬದಲಾದ 350 ಇಂಜಿನ್‌ಗೆ ಐಡಲ್‌ನಲ್ಲಿ 12, 3,000 ಆರ್‌ಪಿಎಂ ಹೊತ್ತಿಗೆ ಒಟ್ಟು 34ರಿಂದ 36, ಇದು ಒಳ್ಳೇ ಆರಂಭ. ಇದನ್ನು ಸೆಟ್ ಮಾಡುವಾಗ ವ್ಯಾಕ್ಯೂಮ್ ಪೈಪ್ ಕಿತ್ತು ಮುಚ್ಚಿರಬೇಕು. ಆಮೇಲೆ ಮತ್ತೆ ಸಿಕ್ಕಿಸಿದರೆ ಹಗುರ ಪೆಡಲ್‌ನಲ್ಲಿ ಇನ್ನೊಂದು 10-12 ಸೇರುತ್ತದೆ.

ಎಷ್ಟೋ ಜನ ವ್ಯಾಕ್ಯೂಮ್ ಅಡ್ವಾನ್ಸ್ ಕಿತ್ತೇ ಬಿಸಾಕಿರುತ್ತಾರೆ. ರೇಸ್ ಕಾರಲ್ಲಿ ಇರಲ್ಲ ಅಂತ. ರೇಸ್ ಕಾರು ಸಿಗ್ನಲ್‌ನಲ್ಲಿ ನಿಲ್ಲಲ್ಲ ಕಣ್ರೀ! ರಸ್ತೆ ಗಾಡಿಯಲ್ಲಿ ಅದಿಲ್ಲದಿದ್ದರೆ ಮೈಲೇಜ್ ಹೋಗುತ್ತದೆ, ಇಂಜಿನ್ ಬಿಸಿಯಾಗುತ್ತದೆ. ಅದನ್ನು ಮ್ಯಾನಿಫೋಲ್ಡ್ (ಕಾರ್ಬಿನಿಂದ ಸಿಲಿಂಡರಿಗೆ ಗಾಳಿ ಒಯ್ಯುವ ಕೊಳವೆ) ವ್ಯಾಕ್ಯೂಮ್‌ಗೆ ಕೊಡಬೇಕಾ, ಐಡಲ್‌ನಲ್ಲಿ ಸೆಳೆತವೇ ಇರದ ಪೋರ್ಟೆಡ್ ತೂತಿಗೆ ಕೊಡಬೇಕಾ ಅನ್ನೋದು ಅಂತ್ಯವಿಲ್ಲದ ಜಗಳ. ನನ್ನ ಓಟು ಮ್ಯಾನಿಫೋಲ್ಡ್‌ಗೆ. ಎರಡನ್ನೂ ಹಾಕಿ ನೋಡಿ, ಯಾವುದರಲ್ಲಿ ಐಡಲ್ ನಿಲ್ಲುತ್ತದೋ, ತಣ್ಣಗಿರುತ್ತದೋ ಅದನ್ನು ಇಟ್ಟುಕೊಳ್ಳಿ.

ಒಂದು ಎಚ್ಚರಿಕೆ. ಐವತ್ತು ವರ್ಷದ ಇಂಜಿನ್‌ನ ಮುಂದಿನ ಹಾರ್ಮೋನಿಕ್ ಬ್ಯಾಲೆನ್ಸರ್ (ಅದುರೋದನ್ನು ತಡೆಯುವ ಚಕ್ರ) ಒಳಗೆ ರಬ್ಬರ್ ಇದೆ. ಅದು ಸತ್ತು ಹೊರಗಿನ ರಿಂಗ್ ಜಾರಿದರೆ ಟೈಮಿಂಗ್ ಗುರುತೇ ಸುಳ್ಳು. ಲೈಟ್ ಹಿಡಿದು 36 ಅಂತ ಓದುತ್ತೀರಿ, ಅಸಲಿಗೆ 44 ಇರುತ್ತದೆ. ತಗಡಿನ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ಸದ್ದು ಬಂದರೆ ಅದು ನಾಕಿಂಗ್, ಪೆಟ್ರೋಲ್ ತಪ್ಪು ಹೊತ್ತಿನಲ್ಲಿ ಸಿಡಿಯುತ್ತಿದೆ ಅಂತ. ಪೆಡಲ್ ಬಿಟ್ಟುಬಿಡಿ. ಒಂದನೇ ಸಿಲಿಂಡರಿನ ಪ್ಲಗ್ ಬಿಚ್ಚಿ ಪಿಸ್ಟನ್ ಸ್ಟಾಪ್ ಹಾಕಿ, ಕೈಯಲ್ಲೇ ಇಂಜಿನ್ ತಿರುಗಿಸಿ ನಿಜವಾದ ಸೊನ್ನೆ (ಪಿಸ್ಟನ್ ಮೇಲಿನ ತುದಿ ಮುಟ್ಟುವ ಜಾಗ) ಎಲ್ಲಿದೆ ಅಂತ ಒಮ್ಮೆ ನೋಡಿಕೊಳ್ಳಿ.

ಟೈಮಿಂಗ್ ಆದ ಮೇಲೆ ಐಡಲ್ ಮಿಕ್ಸ್ಚರ್, ಅಂದರೆ ಐಡಲ್‌ನಲ್ಲಿ ಗಾಳಿಗೆ ಎಷ್ಟು ಪೆಟ್ರೋಲ್ ಅನ್ನೋದು. ವ್ಯಾಕ್ಯೂಮ್ ಗೇಜ್ ಒಂದಿದ್ದರೆ ಸಾಕು, ಅದಕ್ಕೆ ಜಾಸ್ತಿ ದುಡ್ಡೇನೂ ಬೇಡ. ಇಂಜಿನ್ ಚೆನ್ನಾಗಿ ಬಿಸಿಯಾಗಲಿ. ಕಾರ್ಬಿನ ಒಂದು ಮಿಕ್ಸ್ಚರ್ ಸ್ಕ್ರೂ ನಿಧಾನಕ್ಕೆ ಒಳಗೆ ತಿರುಗಿಸಿ, ಇಂಜಿನ್ ತಡವರಿಸುವ ತನಕ. ಈಗ ಹೊರಗೆ, ಕಾಲು ಸುತ್ತು, ಇನ್ನೊಂದು ಕಾಲು ಸುತ್ತು. ಮುಳ್ಳು ಏರುತ್ತಾ ಹೋಗಿ ಒಂದು ಕಡೆ ನಿಲ್ಲುತ್ತದೆ. ಅಲ್ಲೇ ಬಿಡಿ. ಇನ್ನೊಂದು ಬದಿಯ ಸ್ಕ್ರೂಗೂ ಅಷ್ಟೇ. ಆಮೇಲೆ ಮತ್ತೆ ಮೊದಲನೆಯದಕ್ಕೆ ಬನ್ನಿ, ಯಾಕೆಂದರೆ ಒಂದನ್ನು ಮುಟ್ಟಿದರೆ ಇನ್ನೊಂದು ಬದಲಾಗುತ್ತದೆ. ಈ ಇಪ್ಪತ್ತು ನಿಮಿಷದ ಕೆಲಸಕ್ಕೆ ನೋವಾದ ಪಿಕಪ್ ಎಷ್ಟು ಬದಲಾಯಿತು ಅಂದರೆ ಹುಡುಗ ಎರಡು ದಿನ ಇಎಫ್‌ಐ ಮಾತೇ ಎತ್ತಲಿಲ್ಲ.

ಕಾರ್ಬ್ ಮತ್ತು ಇಎಫ್‌ಐ

ಮೂರನೇ ದಿನ ಎತ್ತಿದ. ಸರಿ, ಹೇಳುತ್ತೇನೆ. ನಾನು ಎರಡೂ ಓಡಿಸಿದ್ದೇನೆ. ಎರಡು ಬೇಸಿಗೆ ಇಎಫ್‌ಐ, ಅದಕ್ಕೆ ಮೊದಲೂ ಈಗಲೂ ಕಾರ್ಬ್.

ಕಾರ್ಬಿನ ದೊಡ್ಡ ಗುಣ ಅಂದರೆ ಅದು ಕಣ್ಣಿಗೆ ಕಾಣುತ್ತದೆ. 6 ಪಿಎಸ್‌ಐ ಒತ್ತಡದಲ್ಲಿ ಪೆಟ್ರೋಲ್ ಬಂದರೆ ಸಾಕು, ಇಂಜಿನ್ ಪಕ್ಕದ ಹಳೇ ಮೆಕ್ಯಾನಿಕಲ್ ಪಂಪೇ ಕೊಡುತ್ತದೆ. ರಸ್ತೆ ಬದಿಯಲ್ಲಿ ನಿಂತರೆ ಸ್ಕ್ರೂಡ್ರೈವರ್ ಇಟ್ಟುಕೊಂಡು ಏನೋ ಮಾಡಿ ಮನೆ ತಲುಪಬಹುದು. ಬೆಲೆಯೂ ಕಮ್ಮಿ.

ಅದರ ಕಾಯಿಲೆ ಬಿಸಿ ಸ್ಟಾರ್ಟ್. ಇಲ್ಲಿನ ಮಾಮೂಲಿ ಪೆಟ್ರೋಲ್‌ನಲ್ಲಿ 10% ತನಕ ಎಥನಾಲ್ ಇರುತ್ತದೆ, ಬೇಗ ಆವಿಯಾಗುತ್ತದೆ. ಜುಲೈ ಮಧ್ಯಾಹ್ನ ಫ್ರೀವೇಯಿಂದ ಇಳಿದು ಬಂಕ್‌ನಲ್ಲಿ ಇಂಜಿನ್ ಆಫ್ ಮಾಡುತ್ತೀರಿ. ಫ್ಯಾನ್ ನಿಂತಿತು, ಕೆಳಗಿನ ಕಬ್ಬಿಣ ಇನ್ನೂ ಕೆಂಡ, ಆ ಬಿಸಿ ಮೇಲೆ ಹತ್ತಿ ಕಾರ್ಬಿನ ಬೌಲ್‌ನಲ್ಲಿರುವ ಪೆಟ್ರೋಲ್ ಕುದಿಯುತ್ತದೆ, ಕುದ್ದು ಮ್ಯಾನಿಫೋಲ್ಡ್ ಒಳಗೆ ತೊಟ್ಟಿಕ್ಕುತ್ತದೆ. ಐದು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಬರೀ ಕರ್ ಕರ್. ಆಗ ಪೆಡಲ್ ಪಂಪ್ ಮಾಡಬೇಡಿ. ಪೂರ್ತಿ ಒತ್ತಿ ಹಿಡಿದು ಕ್ರ್ಯಾಂಕ್ ಮಾಡಿ, ಹತ್ತಿಕೊಳ್ಳುತ್ತದೆ. ಕಾರ್ಬ್ ಕೆಳಗೆ ಬಿಸಿ ತಡೆಯುವ ಫಿನೋಲಿಕ್ ಸ್ಪೇಸರ್ ಒಂದು ಹಾಕಿ, ಪೆಟ್ರೋಲ್ ಪೈಪನ್ನು ಹೆಡರ್‌ನಿಂದ (ಇಂಜಿನ್ ಹೊಗೆ ಹೊರಹೋಗುವ ಬಿಸಿ ಪೈಪು) ದೂರ ಎಳೆದರೆ ಈ ಕಾಟ ಬಹಳ ಕಮ್ಮಿಯಾಗುತ್ತದೆ. ಸ್ಪೇಸರ್ ಎತ್ತರಕ್ಕೆ ಏರ್ ಕ್ಲೀನರ್ ಬಾನೆಟ್‌ಗೆ ತಗಲುತ್ತದಾ ಅಂತ ಮೊದಲು ನೋಡಿಕೊಳ್ಳಿ. ನಾನು ನೋಡಿರಲಿಲ್ಲ.

ಇಎಫ್‌ಐ ಅಂದರೆ ಇಲ್ಲಿ ಹಾಲಿ (Holley) ಕಂಪನಿಯ ಸ್ನೈಪರ್, ಫೈಟೆಕ್ ಥರದ ಥ್ರಾಟಲ್ ಬಾಡಿ ಕಿಟ್. ನಾಲ್ಕು ಬ್ಯಾರೆಲ್ (ಗಾಳಿ ಹೋಗುವ ತೂತು) ಇರುವ ಕಾರ್ಬ್ ಕೂರುವ ಜಾಗದಲ್ಲೇ ಕೂರುತ್ತದೆ. ಸೈಲೆನ್ಸರ್ ಪೈಪಿನಲ್ಲಿ ಒಂದು ಆಕ್ಸಿಜನ್ ಸೆನ್ಸರ್. ಇಂಜಿನ್ ಎಷ್ಟು ದೊಡ್ಡದು, ಕ್ಯಾಮ್ ಎಂಥದು ಅಂತ ನಾಲ್ಕು ಪ್ರಶ್ನೆ ಕೇಳಿ, ಆಮೇಲೆ ಓಡುತ್ತಾ ತಾನೇ ಕಲಿಯುತ್ತದೆ. ಚಳಿಯಲ್ಲಿ ಒಂದೇ ತಿರುವಿಗೆ ಸ್ಟಾರ್ಟ್. ಎತ್ತರಕ್ಕೂ ಹೊಂದಿಕೊಳ್ಳುತ್ತದೆ. ಸುಮಾರು 600 ಅಡಿ ಎತ್ತರದ ಡೆಟ್ರಾಯ್ಟ್‌ನಲ್ಲಿ ಟ್ಯೂನ್ ಮಾಡಿದ ಕಾರ್ಬ್ 5,280 ಅಡಿಯ ಡೆನ್ವರ್‌ಗೆ ಹೋದರೆ ಗಾಳಿ ತೆಳ್ಳಗಾಗಿ ಪೆಟ್ರೋಲ್ ಜಾಸ್ತಿಯಾಗುತ್ತದೆ, ಪೆಟ್ರೋಲ್ ಅಳೆದು ಬಿಡುವ ಜೆಟ್ ಬದಲಿಸಬೇಕು. ಇಎಫ್‌ಐಗೆ ಆ ತಲೆನೋವಿಲ್ಲ.

ಆದರೆ ಡಬ್ಬಿ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯದ ಸಂಗತಿಗಳಿವೆ. ಅದಕ್ಕೆ ಬೇಕಾದ ಒತ್ತಡ ಸುಮಾರು 58 ಪಿಎಸ್‌ಐ, ಅಂದರೆ ಕಾರ್ಬಿನ ಹತ್ತು ಪಟ್ಟು. ಹಳೇ ರಬ್ಬರ್ ಪೈಪ್ ನಡೆಯಲ್ಲ. ಟ್ಯಾಂಕ್ ಒಳಗೆ ಪಂಪ್ ಬೇಕು, ಹೆಚ್ಚಿನ ಕಿಟ್‌ಗಳಿಗೆ ಪೆಟ್ರೋಲ್ ವಾಪಸ್ ಬರುವ ಪೈಪ್ ಬೇಕು, ಆಲ್ಟರ್ನೇಟರ್ ಗಟ್ಟಿ ಇರಬೇಕು. ಕಿಟ್ ಬೆಲೆ ಒಂದು, ಇದೆಲ್ಲ ಸೇರಿದ ಬೆಲೆ ಇನ್ನೊಂದು. ಇನ್ನೊಂದು ಮಜಾ ಕೇಳಿ. ಸೆನ್ಸರ್‌ಗಿಂತ ಮುಂದೆ ಎಕ್ಸಾಸ್ಟ್ ಎಲ್ಲೋ ಚೂರು ಲೀಕ್ ಇದ್ದರೆ ಹೊರಗಿನ ಗಾಳಿ ಒಳಗೆ ಸೇರುತ್ತದೆ, ಸೆನ್ಸರ್ ಅದನ್ನು ನೋಡಿ ಪೆಟ್ರೋಲ್ ಸಾಲದು ಅಂದುಕೊಳ್ಳುತ್ತದೆ, ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತಾ ಹೋಗುತ್ತದೆ. ಗಾಡಿ ಕಪ್ಪು ಹೊಗೆ ಬಿಡುತ್ತಿರುತ್ತದೆ, ಸ್ಕ್ರೀನ್ ಮೇಲೆ ಎಲ್ಲ ಸರಿಯಿದೆ ಅಂತ ತೋರಿಸುತ್ತಿರುತ್ತದೆ.

ನನಗಾದದ್ದು ಇನ್ನೂ ಪೆದ್ದು ಕೆಲಸ. ಹಾಕಿದ ಮೊದಲ ತಿಂಗಳು ಗಾಡಿ ಸಿಗ್ನಲ್‌ಗಳಲ್ಲಿ ಇದ್ದಕ್ಕಿದ್ದಂತೆ ಆಫ್ ಆಗುತ್ತಿತ್ತು. ವುಡ್‌ವರ್ಡ್ ಮೇಲೆ ಒಂದು ಸಲ ನಾನು, ನನ್ನ ಹೆಂಡತಿ ಸೇರಿ ತಳ್ಳಿದ್ದೂ ಆಯ್ತು, ಅವಳು ಅದನ್ನು ಇನ್ನೂ ಮರೆತಿಲ್ಲ. ಕಿಟ್ ಸರಿಯಿಲ್ಲ ಅಂತ ಎರಡು ವೀಕೆಂಡ್ ಬೈದೆ. ಕೊನೆಗೆ ನೋಡಿದರೆ ಅರ್ಥಿಂಗ್ ವೈರನ್ನು ಪೇಂಟ್ ಮೇಲೇ ಬೋಲ್ಟ್ ಮಾಡಿದ್ದೆ. ಪೇಂಟ್ ಕೆರೆದು ಬರೀ ಲೋಹಕ್ಕೆ ಕೂರಿಸಿ, ಪವರ್ ವೈರ್ ನೇರ ಬ್ಯಾಟರಿಗೆ ಎಳೆದೆ. ಮತ್ತೆ ಒಂದು ಸಲವೂ ನಿಲ್ಲಲಿಲ್ಲ.

ಹಾಗಾದರೆ ಯಾಕೆ ವಾಪಸ್ ಕಾರ್ಬಿಗೆ ಬಂದೆ? ಸ್ವಲ್ಪ ಹಠ, ಸ್ವಲ್ಪ ಚಟ. ನನ್ನ ಗಾಡಿ ನವೆಂಬರ್‌ನಿಂದ ಏಪ್ರಿಲ್ ತನಕ ಕವರ್ ಹೊದ್ದು ಮಲಗುತ್ತದೆ, ಮಿಶಿಗನ್‌ನ ಉಪ್ಪು ಸುರಿದ ರಸ್ತೆಗೆ ಅದನ್ನು ಇಳಿಸಲ್ಲ. ಚಳಿ ಸ್ಟಾರ್ಟ್‌ನ ಲಾಭವೇ ನನಗಿಲ್ಲ. ವಾರಕ್ಕೊಮ್ಮೆ ಓಡಿಸುವವರು, ಕೈ ಕೊಳೆ ಮಾಡಿಕೊಳ್ಳೋದು ಇಷ್ಟ ಇರುವವರು ಕಾರ್ಬ್ ಇಟ್ಟುಕೊಳ್ಳಿ. ಆಫೀಸಿಗೂ ಇದರಲ್ಲೇ ಹೋಗಬೇಕು, ಬೆಟ್ಟ ಹತ್ತಬೇಕು, ಹೆಂಡತಿಯೋ ಗಂಡನೋ ಯಾರು ಕೀ ತಿರುಗಿಸಿದರೂ ಸ್ಟಾರ್ಟ್ ಆಗಬೇಕು ಅನ್ನುವವರು ಇಎಫ್‌ಐ ಹಾಕಿಸಿ. ಟ್ಯಾಂಕ್, ಪಂಪ್, ವೈರಿಂಗ್ ಮೂರೂ ಒಟ್ಟಿಗೆ ಮಾಡಿಸುವಷ್ಟು ದುಡ್ಡಿದ್ದಾಗ ಮಾತ್ರ. ಅರ್ಧಂಬರ್ಧ ಇಎಫ್‌ಐ ಕೆಟ್ಟ ಕಾರ್ಬಿಗಿಂತ ಕೆಟ್ಟದು.

ಕಾರ್ಬ್ ಅಂದರೆ ಯಾವ ಕಾರ್ಬ್? ಸೈಜ್ ಲೆಕ್ಕ ಸುಲಭ. ಕ್ಯೂಬಿಕ್ ಇಂಚನ್ನು ಗರಿಷ್ಠ ಆರ್‌ಪಿಎಂನಿಂದ ಗುಣಿಸಿ 3,456ರಿಂದ ಭಾಗಿಸಿ. 350 ಇಂಜಿನ್, 6,000 ಆರ್‌ಪಿಎಂ ಅಂದರೆ ಸುಮಾರು 608 ಸಿಎಫ್‌ಎಂ (ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ), ಅದೂ ಇಂಜಿನ್ ಉಸಿರು ಪೂರ್ತಿ ತುಂಬಿಕೊಂಡರೆ. ರಸ್ತೆ ಇಂಜಿನ್ ಅಷ್ಟು ತುಂಬಿಕೊಳ್ಳಲ್ಲ. ಅಂದಮೇಲೆ 600 ಧಾರಾಳ. ಆದರೂ ಎಲ್ಲರಿಗೂ 750ರ ಡಬಲ್ ಪಂಪರ್ ಮೇಲೇ ಕಣ್ಣು. ಅದರಲ್ಲಿ ಹಿಂದಿನ ಎರಡು ಬ್ಯಾರೆಲ್ ನಿಮ್ಮ ಕಾಲಿನ ಜೊತೆಗೇ ತೆರೆಯುತ್ತವೆ, ಇಂಜಿನ್ ಕೇಳಲಿ ಬಿಡಲಿ. ಆಟೋಮ್ಯಾಟಿಕ್ ಗೇರಿನ ಭಾರದ ಗಾಡಿಗೆ ವ್ಯಾಕ್ಯೂಮ್ ಸೆಕೆಂಡರಿಯ 600 ಸರಿ, ಅದು ಇಂಜಿನ್ ಕೇಳಿದಷ್ಟೇ ತೆರೆಯುತ್ತದೆ. ಟ್ಯೂನಿಂಗ್ ಹೊಸದಾಗಿ ಕಲಿಯುವವರಿಗೆ ಎಡೆಲ್‌ಬ್ರಾಕ್ ಕಂಪನಿಯ ಕಾರ್ಬ್ ಇನ್ನೂ ಸಲೀಸು, ಮೇಲಿನ ಸ್ಕ್ರೂ ಸಡಿಲಿಸಿ ಪೆಟ್ರೋಲ್ ಅಳೆಯುವ ಮೀಟರಿಂಗ್ ರಾಡ್ ಬದಲಿಸಬಹುದು, ಒಂದು ಹನಿ ಪೆಟ್ರೋಲ್ ಚೆಲ್ಲಲ್ಲ. ಹಳೇ ಗಾಡಿ ಜೊತೆಗೇ ಬಂದ ರೋಚೆಸ್ಟರ್ ಕ್ವಾಡ್ರಜೆಟ್ ಇದ್ದರೆ ದಯವಿಟ್ಟು ಬಿಸಾಕಬೇಡಿ. ಮುಂದಿನ ಬ್ಯಾರೆಲ್ ಪುಟ್ಟವು, ಹಿಂದಿನವು ಬಾವಿಯಂಥವು. ಮೆಲ್ಲಗೆ ಹೋದರೆ ಮೈಲೇಜ್, ಒತ್ತಿದರೆ ಗರ್ಜನೆ. ರಿಪೇರಿ ಗೊತ್ತಿರುವವರು ಸಿಕ್ಕರೆ ರಸ್ತೆಗೆ ಅದಕ್ಕಿಂತ ಒಳ್ಳೇದು ಕಮ್ಮಿ.

ಕ್ಯಾಮ್: ಕಿವಿಗಾ, ಕಾಲಿಗಾ?

ಹುಡುಗ ನೋಡಿಟ್ಟಿದ್ದ ಕ್ಯಾಮ್ 0.050 ಇಂಚಿನಲ್ಲಿ ಅಳೆದರೆ 230 ಡಿಗ್ರಿ ದಾಟಿದ್ದು (ವಾಲ್ವ್ ಎಷ್ಟು ಹೊತ್ತು ತೆರೆದಿರುತ್ತದೆ ಅನ್ನೋ ಲೆಕ್ಕ), ಲೋಬ್ ಸೆಪರೇಶನ್ 108 (ಇದು ಕಮ್ಮಿಯಾದಷ್ಟೂ ಗಾಳಿ ಬರುವ, ಹೊಗೆ ಹೋಗುವ ವಾಲ್ವ್‌ಗಳು ಒಟ್ಟಿಗೆ ತೆರೆದಿರುವ ಹೊತ್ತು ಜಾಸ್ತಿ). ಐಡಲ್‌ನಲ್ಲಿ ಗುಡ್... ಗುಡುಗುಡ್... ಗುಡ್ ಅಂತ ಕುಂಟುವ ಆ ಸದ್ದು ಕೇಳಿದರೆ ನನಗೂ ಮೈ ಜುಮ್ಮೆನ್ನುತ್ತದೆ, ಸುಳ್ಳು ಹೇಳಲ್ಲ. ಆದರೆ ಆ ಕುಂಟುವಿಕೆ ಬರೋದೇ ಎರಡು ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು ಜಾಸ್ತಿಯಾಗಿ, ಸುಟ್ಟ ಗಾಳಿ ವಾಪಸ್ ಒಳಗೆ ಕಲಸಿ ಹೋಗೋದರಿಂದ. ವ್ಯಾಕ್ಯೂಮ್ 10-12 ಇಂಚಿಗೆ ಇಳಿಯುತ್ತದೆ. ಪವರ್ ಬ್ರೇಕ್ ಬೂಸ್ಟರ್ ನಡೆಯೋದು ಅದೇ ವ್ಯಾಕ್ಯೂಮ್ ಮೇಲೆ. ಸಿಗ್ನಲ್ ಹತ್ತಿರ ಎರಡನೇ ಸಲ ಬ್ರೇಕ್ ಒತ್ತಿದಾಗ ಪೆಡಲ್ ಕಲ್ಲಿನ ಹಾಗೆ ನಿಂತರೆ ಸದ್ದಿನ ಖುಷಿ ಅಲ್ಲಿಗೇ ಇಳಿಯುತ್ತದೆ. ಹಾಲಿ ಕಂಪನಿಯ ಕಾರ್ಬ್ ಆದರೆ, ಜೋರಾಗಿ ಒತ್ತಿದಾಗ ಹೆಚ್ಚು ಪೆಟ್ರೋಲ್ ಬಿಡುವ ಪವರ್ ವಾಲ್ವ್ ಕೂಡ ಬದಲಿಸಬೇಕು. ಐಡಲ್ ವ್ಯಾಕ್ಯೂಮ್‌ನ ಅರ್ಧದ ನಂಬರ್ ಹಾಕಿ ಅನ್ನೋದು ಹಳೇ ಲೆಕ್ಕ, ಅಂದರೆ 6.5 ತೆಗೆದು 5 ಥರದ್ದು. ಜೊತೆಗೆ ಇಂಜಿನ್ನಿಗೂ ಆಟೋಮ್ಯಾಟಿಕ್ ಬಾಕ್ಸಿಗೂ ನಡುವಿನ ಟಾರ್ಕ್ ಕನ್ವರ್ಟರ್ ಬದಲಿಸಬೇಕು, ಹಿಂದಿನ ಗೇರ್ ಬದಲಿಸಬೇಕು. ಒಂದು ಕ್ಯಾಮ್ ತಂದರೆ ಅದರ ಸಂಸಾರ ಪೂರ್ತಿ ಮನೆಗೆ ಬರುತ್ತದೆ.

210ರಿಂದ 218 ಡಿಗ್ರಿಯ ಕ್ಯಾಮ್, ಸೆಪರೇಶನ್ 112. ಪವರ್ ಬ್ರೇಕ್, ಆಟೋಮ್ಯಾಟಿಕ್ ಇರುವ 350ಗೆ ನಾನು ಹೇಳೋದು ಇದು. ವ್ಯಾಕ್ಯೂಮ್ 16ರ ಮೇಲೆ ನಿಲ್ಲುತ್ತದೆ, ಸದ್ದಿನಲ್ಲಿ ಸಣ್ಣ ಒಂದು ತುಂಟತನ ಇರುತ್ತದೆ, 1,500ರಿಂದಲೇ ಎಳೆಯುತ್ತದೆ. ಹಳೇ ಥರದ, ರೋಲರ್ ಇಲ್ಲದ ಫ್ಲ್ಯಾಟ್ ಟ್ಯಾಪೆಟ್ ಕ್ಯಾಮ್ ಆದರೆ ಮೊದಲ ಸ್ಟಾರ್ಟ್‌ನಲ್ಲಿ 20 ನಿಮಿಷ 2,000 ಆರ್‌ಪಿಎಂ ಮೇಲೇ ಇಡಬೇಕು, ಝಿಂಕ್ ಇರುವ ಆಯಿಲ್ ಹಾಕಿ. ಪಕ್ಕದ ಮನೆಯವರಿಗೆ ಮೊದಲೇ ಹೇಳಿಬಿಡಿ.

ಗೇರ್ ಲೆಕ್ಕ, ಇಲ್ಲಿದೆ ಅಸಲಿ ಮಜಾ

ಇಂಜಿನ್‌ಗೆ ಸುರಿಯುವ ದುಡ್ಡಿನ ಅರ್ಧ ಗೇರ್‌ಬಾಕ್ಸ್‌ಗೆ ಹಾಕಿದರೆ ಗಾಡಿ ಓಡಿಸುವ ಖುಷಿ ಎರಡರಷ್ಟು. ಇದು ನನ್ನ ಗಟ್ಟಿ ಅಭಿಪ್ರಾಯ, ಲೆಕ್ಕವೂ ಇದೆ.

ಗಂಟೆಗೆ ಮೈಲಿ ವೇಗ ಗುಣಿಸು ಗೇರ್ (ಹಿಂದಿನ ಗೇರ್ ಗುಣಿಸು ಬಾಕ್ಸಿನ ಗೇರ್) ಗುಣಿಸು 336, ಭಾಗಿಸು ಟೈರಿನ ಎತ್ತರ ಇಂಚಿನಲ್ಲಿ, ಬರೋದು ಆರ್‌ಪಿಎಂ. 235/60ಆರ್15 ಟೈರ್ ಸುಮಾರು 26 ಇಂಚು. ಹುಡುಗ ಕೇಳುತ್ತಿದ್ದ 4.10 ಗೇರನ್ನು ಅವನ ಮೂರು ಗೇರಿನ ಟಿಎಚ್350 ಬಾಕ್ಸ್ (ಕೊನೆಯ ಗೇರ್ 1.00) ಜೊತೆ ಹಾಕಿದರೆ 70 ಮೈಲಿಯಲ್ಲಿ 3,700 ಆರ್‌ಪಿಎಂ. ಪಕ್ಕದಲ್ಲಿ ಕೂತವರ ಜೊತೆ ಕೂಗಿಯೇ ಮಾತಾಡಬೇಕು. 3.73 ಹಾಕಿದರೂ 3,370.

ಈಗ ಇನ್ನೊಂದು ದಾರಿ. 700ಆರ್4 ಅನ್ನುವ ನಾಲ್ಕು ಗೇರಿನ ಜಿಎಂ ಬಾಕ್ಸ್, ಮೊದಲ ಗೇರ್ 3.06, ಕೊನೆಯದು 0.70. ಹಿಂದೆ ಅವನ ಗಾಡಿಯ 3.08 ಹಾಗೇ ಇರಲಿ. ಮೊದಲ ಗೇರಿನಲ್ಲಿ 3.06 ಗುಣಿಸು 3.08 ಅಂದರೆ 9.4. ಟಿಎಚ್350 ಜೊತೆ 3.73 ಹಾಕಿದರೆ? ಅದರ ಮೊದಲ ಗೇರ್ 2.52 ಗುಣಿಸು 3.73, ಅದೂ 9.4! ಸಿಗ್ನಲ್‌ನಿಂದ ಹಾರುವಾಗ ಎರಡೂ ಒಂದೇ. ಫ್ರೀವೇಯಲ್ಲಿ ಮಾತ್ರ ಒಂದು 3,370ರಲ್ಲಿ ಅರಚುತ್ತದೆ, ಇನ್ನೊಂದು 1,950ರಲ್ಲಿ ಗೊರಕೆ ಹೊಡೆಯುತ್ತದೆ. ಗಮನಿಸಿ, 1,950ರಲ್ಲಿ ಆ ದೊಡ್ಡ ಕ್ಯಾಮ್ ಎಳೆಯದೆ ಒದ್ದಾಡುತ್ತದೆ. ಚಿಕ್ಕ ಕ್ಯಾಮ್ ಹೇಳಿದ್ದು ಇದಕ್ಕೂ ಸೇರಿಯೇ. ನನ್ನದರಲ್ಲಿ ಇದೇ ಬಾಕ್ಸ್ ಜೊತೆ 3.73 ಇದೆ, ಅದಕ್ಕೇ ಅವತ್ತು ಮುಳ್ಳು 2,300ರ ಹತ್ತಿರ ಇದ್ದದ್ದು.

700ಆರ್4 ಹಾಕುವವರು ಟಿವಿ (ಥ್ರಾಟಲ್ ವಾಲ್ವ್) ಕೇಬಲ್ ಬಗ್ಗೆ ಉದಾಸೀನ ಮಾಡಬೇಡಿ. ಕಾರ್ಬಿನಿಂದ ಬಾಕ್ಸಿಗೆ ಹೋಗುವ ಆ ಕೇಬಲ್ಲೇ ಒಳಗಿನ ಆಯಿಲ್ ಒತ್ತಡ ನಿರ್ಧರಿಸುತ್ತದೆ. ಸಡಿಲ ಇದ್ದರೆ ಕ್ಲಚ್‌ಗಳು ಜಾರಿ ಸುಟ್ಟು ಹೋಗುತ್ತವೆ, ಅದೂ ಬಹಳ ಬೇಗ. ನಿಮ್ಮ ಕಾರ್ಬಿಗೆ ಸರಿಯಾದ ಬ್ರ್ಯಾಕೆಟ್ ತಗೊಳ್ಳಿ. ಡ್ರೈವ್‌ಶಾಫ್ಟ್ ಕತ್ತರಿಸುವ ಗೋಜು ಬೇಡ ಅಂದರೆ 200-4ಆರ್ ನೋಡಿ, ಅದೂ ಜಿಎಂನ ನಾಲ್ಕು ಗೇರಿನ ಬಾಕ್ಸೇ, ಉದ್ದ ಟಿಎಚ್350 ಅಷ್ಟೇ, ಮೌಂಟ್ ಮಾತ್ರ ಹಿಂದೆ ಸರಿಸಬೇಕು. ಕ್ಲಚ್ ಪೆಡಲ್ ಬೇಕೇ ಬೇಕು ಅನ್ನುವವರಿಗೆ ಟ್ರೆಮೆಕ್‌ನ ಐದು ಗೇರ್ ಇದೆ. ಹಳೇ ನಾಲ್ಕು ಗೇರಿನ ಮನ್ಸೀ ಚೆಂದ, ಆದರೆ ಅದರಲ್ಲಿ ಓವರ್‌ಡ್ರೈವ್ (1ಕ್ಕಿಂತ ಕಮ್ಮಿಯ ಕೊನೇ ಗೇರ್) ಇಲ್ಲ, ಫ್ರೀವೇ ಕತೆ ಮತ್ತೆ ಅದೇ.

ನಿಲ್ಲಿಸೋದು, ತಿರುಗಿಸೋದು

ಬ್ರೇಕ್‌ನಲ್ಲಿ ಹೋಲಿಕೆ ಮಾಡುವಂಥದ್ದೇನೂ ಇಲ್ಲ. ಮುಂದಕ್ಕೆ ಡಿಸ್ಕ್ ಹಾಕಿ, ಮಿಕ್ಕದ್ದೆಲ್ಲ ಆಮೇಲೆ. ಡ್ರಮ್ ಒಂದು ಸಲ ಚೆನ್ನಾಗೇ ನಿಲ್ಲಿಸುತ್ತದೆ, ಮೂರನೇ ಸಲ ಬಿಸಿಯಾಗಿ ಕೈ ಕೊಡುತ್ತದೆ. 1967ಕ್ಕಿಂತ ಹಳೇ ಗಾಡಿ ಆದರೆ ಒಂದೇ ಸರ್ಕ್ಯೂಟ್‌ನ ಮಾಸ್ಟರ್ ಸಿಲಿಂಡರ್ ಇರಬಹುದು, ಎಲ್ಲೋ ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಅದನ್ನು ಇವತ್ತೇ ಬದಲಿಸಿ.

ಪಾಸಿಟ್ರ್ಯಾಕ್ಷನ್, ಅಂದರೆ ಹಿಂದಿನ ಎರಡೂ ಚಕ್ರಕ್ಕೆ ಬಲ ಕೊಡುವ ಡಿಫರೆನ್ಷಿಯಲ್, ಬೇಕಾ ಅಂತ ಕೇಳುತ್ತಾರೆ. ಒಣ ರಸ್ತೆಗೆ ಬೇಕು. ಆದರೆ ಮಳೆ ಬಿದ್ದ ಮೊದಲ ಹತ್ತು ನಿಮಿಷ ನೆನಪಿರಲಿ. ಸಾದಾ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ಸುಮ್ನೆ ತಿರುಗುತ್ತದೆ, ಇನ್ನೊಂದು ಗಾಡಿಯ ಬಾಲ ಹಿಡಿದುಕೊಂಡಿರುತ್ತದೆ. ಪಾಸಿಯಲ್ಲಿ ಎರಡೂ ಒಟ್ಟಿಗೆ ಜಾರಿ, ಎಡಕ್ಕೆ ತಿರುಗುವಾಗ ಹಿಂಭಾಗ ನಿಮಗಿಂತ ಮುಂದೆ ಮನೆಗೆ ಹೊರಡುತ್ತದೆ. ಎಬಿಎಸ್ ಇಲ್ಲ, ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲ, ನಿಮ್ಮ ಬಲಗಾಲು ಒಂದೇ. ಟೈರ್ ತಣ್ಣಗಿದ್ದಾಗ, ಶೋ ಮುಗಿಸಿ ಹೊರಡುವಾಗ ಜನ ಫೋನ್ ಹಿಡಿದು ನಿಂತಿದ್ದಾಗ, ಆ ಕಾಲು ತಣ್ಣಗಿರಲಿ. ಪಕ್ಕದ ಲೇನ್‌ನಲ್ಲಿ ಹೊಸ ಎಲೆಕ್ಟ್ರಿಕ್ ಕಾರಿನವನು ನೋಡಿ ನಕ್ಕರೆ ನೀವೂ ನಗಿ. ಅವನು ಹೇಗೂ ಗೆಲ್ಲುತ್ತಾನೆ.

ನೋವಾಗೆ ಈ ಬೇಸಿಗೆ ಮುಂದಿನ ಡಿಸ್ಕ್ ಆಯಿತು, ಬ್ಯಾಲೆನ್ಸರ್ ಆಯಿತು. ಒಂದು 700ಆರ್4 ಹುಡುಕುತ್ತಿದ್ದಾನೆ. ಆ ಕ್ಯಾಮ್ ಮಾತ್ರ ಇನ್ನೂ ಅವನ ಫೋನಿನ ಕಾರ್ಟ್‌ನಲ್ಲೇ ಇದೆ, ಬೆಲೆ ಇಳಿದಾಗಲೆಲ್ಲ ನನಗೆ ಸ್ಕ್ರೀನ್‌ಶಾಟ್ ಕಳಿಸುತ್ತಾನೆ.